ತಂಬೂರಿಯ ಋಣ

ಹಿರಿಯರಿಂದ ಬಂದ ವಸ್ತುವಿಗೆ ನಾವು ಎಂಥ ಋಣಿಗಳು? ಹೊಲ, ಮನೆ, ಬಂಗಾರ ಬಂದಾಗ ಈ ಪ್ರಶ್ನೆ ಏಳುವದಿಲ್ಲ. ಅವುಗಳ ಬೆಲೆಯೇ ಅವುಗಳನ್ನು ಕಾಯುವದು. ಬೆಲೆಯಿಲ್ಲದ ವಸ್ತು ಬಂದಾಗಲೇ ನಮ್ಮ ಮನಸ್ಸಿನ ಪರೀಕ್ಷೆ. ಜತ್ತ ತಾಲೂಕಿನ ಉಮದಿಯು ಭಾವುಸಾಹೇಬ ಮಹಾರಾಜರ (1843–1914) ಊರು. ಅವರ ಸಂಪ್ರದಾಯದ ಭಜನೆಯಲ್ಲಿ ಕನ್ನಡ ಪದಗಳೂ ಮರಾಠಿ ಅಭಂಗಗಳೂ ಕೂಡಿ ಬರುವವು. ಇಂಥ ಸೀಮೆಯ ಭಜನೆಯ ಮನೆಯೊಂದರಲ್ಲಿ ಅಜ್ಜನೋ ಸೋದರಮಾವನೋ ಬಿಟ್ಟುಹೋದ ಅಗ್ಗದ ತಂಬೂರಿ ಗೂಟಕ್ಕೆ ತೂಗುತ್ತಿದೆಯೆನ್ನೋಣ. ಬುರುಡೆ ಬಿರಿದಿದೆ, ತಂತಿ ತುಕ್ಕು ಹಿಡಿದಿದೆ, ದುರಸ್ತಿಯ ವೆಚ್ಚ ಅದರ ಬೆಲೆಯನ್ನು ಮೀರುವಂತಿದೆ. ಆಗ ನಮ್ಮ ಕರ್ತವ್ಯವೇನು?

ಲೆಕ್ಕ ಬಲ್ಲವರು, "ಹೊಸದನ್ನು ಕೊಳ್ಳಿರಿ" ಎನ್ನುವರು. ಭಾವುಕರು, "ಹಿರಿಯರು ಮುಟ್ಟಿದ್ದು, ಇದ್ದಂತೆಯೇ ಇರಲಿ" ಎನ್ನುವರು. ಮೊದಲಿನವರಿಗೆ ವಸ್ತುವಷ್ಟೇ ಕಾಣುವದು, ಎರಡನೆಯವರಿಗೆ ನೆನಪಷ್ಟೇ. ತಂಬೂರಿ ಇರುವದು ನುಡಿಯಲೆಂದು, ಎಂಬ ಮಾತನ್ನು ಇಬ್ಬರೂ ಮರೆತಿರುವರು.

ದುರಸ್ತಿಯೆಂದರೆ ಏನೆಂಬುದನ್ನು ತುಸು ನೋಡೋಣ. ತಂತಿಯನ್ನು ಬದಲಿಸುವದು ಸುಲಭ. ಜಾರುವ ಬಿರಡೆಗೆ ನಮ್ಮ ಶಾಲೆಯ ಸೀಮೆಸುಣ್ಣವನ್ನು ತಿಕ್ಕಿದರೂ ಅದು ಬಿಗಿಯಾಗಿ ನಿಲ್ಲುವದುಂಟು. ಕಠಿಣವಾದದ್ದು ಕುದುರೆಯ ಕೆಲಸ. ತಂತಿಗಳು ಕುದುರೆಯ ಅಗಲವಾದ ಬೆನ್ನನ್ನು ಸವರುತ್ತ ನುಡಿಯುವದರಿಂದಲೇ ತಂಬೂರಿಗೆ ಆ ಝೇಂಕಾರ. ಅದಕ್ಕೆ ಜವಾರಿ ಎಂದು ಹೆಸರು. ಬಹುಕಾಲ ನುಡಿಸಿದಾಗ ತಂತಿಗಳು ಆ ಬೆನ್ನಿನಲ್ಲಿ ಗೀರುಗಳನ್ನು ಕೊರೆಯುವವು, ನಾದ ಮಂಕಾಗುವದು. ಕುಶಲಕರ್ಮಿಯು ಆ ಗೀರುಗಳನ್ನು ಅರದಿಂದ ಉಜ್ಜಿ ತೆಗೆದ ಮೇಲೆಯೇ ದನಿ ಮರಳುವದು.

ಇಲ್ಲಿಯೇ ನಮ್ಮ ಪ್ರಶ್ನೆಯ ತಿರುಳಿದೆ. ಆ ಗೀರುಗಳೇ ಅಜ್ಜನ ಗುರುತುಗಳು. ಎಷ್ಟೋ ಏಕಾದಶಿಗಳ ಜಾಗರಣೆ ಅಲ್ಲಿ ಬರೆದಿದೆ. ಗುರುತನ್ನು ಉಳಿಸಿದರೆ ದನಿಯಿಲ್ಲ. ದನಿಯನ್ನು ಪಡೆದರೆ ಗುರುತಿಲ್ಲ. ಬುರುಡೆಯನ್ನೂ ಬದಲಿಸಿದರೆ ಅದು ಅಜ್ಜನ ತಂಬೂರಿಯೇ ಅಹುದೋ?

'ಮಿಲಿಂದ ಪ್ರಶ್ನೆ'ಯಲ್ಲಿ ಭಿಕ್ಷು ನಾಗಸೇನನು ಯವನ ದೊರೆಗೆ ದೀಪದ ಉದಾಹರಣೆಯನ್ನು ಕೊಡುವನು. ಇರುಳೆಲ್ಲ ಉರಿದ ದೀಪದಲ್ಲಿ ಮೊದಲ ಜಾವದ ಜ್ವಾಲೆಯೂ ಕಡೆಯ ಜಾವದ ಜ್ವಾಲೆಯೂ ಒಂದೇ ಅಲ್ಲ. ಆದರೂ ಅದು ಬೇರೊಂದು ದೀಪವಲ್ಲ. ಎಣ್ಣೆ ಎರೆಯುವ ಕೈ ತಪ್ಪದಿದ್ದರೆ ಇರುಳೆಲ್ಲ ಬೆಳಗುವದು ಅದೇ ದೀಪ.

ನಮ್ಮ ಜಿಲ್ಲೆಯ ಮಿರಜೆಯೇ ಇದಕ್ಕೆ ಸಾಕ್ಷಿ. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನಗಳು, ಹತ್ತೊಂಬತ್ತನೆಯ ಶತಮಾನದಲ್ಲಿ ಖಡ್ಗಗಳಿಗೆ ಕೇಳಿಕೆ ತಗ್ಗಿದಾಗ, ಸಿತಾರು-ತಂಬೂರಿಗಳ ಕೆಲಸಕ್ಕೆ ತೊಡಗಿದವು. ಪಂಢರಪುರದ ಕಡೆಯಿಂದ ಬರುವ ಬುರುಡೆಗಳು ಅವರ ಕೈಯಲ್ಲಿ ವಾದ್ಯಗಳಾದವು. ಕಿರಾಣಾ ಘರಾಣೆಯ ಅಬ್ದುಲ್ ಕರೀಮ್ ಖಾನರು (ಮರಣ 1937) ನೆಲೆಸಿದ್ದು ಆ ಊರಿನಲ್ಲಿಯೇ. 2024ರಲ್ಲಿ ಮಿರಜೆಯ ಸಿತಾರಿಗೂ ತಂಬೂರಿಗೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಆ ಹಿರಿಯರು ಮಕ್ಕಳಿಗೆ ಖಡ್ಗಗಳನ್ನಷ್ಟೇ ಬಿಟ್ಟುಹೋಗಿದ್ದರೆ ಅವು ತುಕ್ಕು ಹಿಡಿಯುತ್ತಿದ್ದವು. ಅವರು ಬಿಟ್ಟುಹೋದದ್ದು ಕೈಯ ಹದವನ್ನು. ಅದು ಬೇರೆ ಕೆಲಸದಲ್ಲಿಯೂ ಬದುಕಿತು.

ಆದುದರಿಂದ ನಮಗೆ ತೋರುವದಿಷ್ಟು: ಗೀರು ಅಜ್ಜನ ಗುರಿಯಾಗಿರಲಿಲ್ಲ, ಅದು ಅವನ ಹಾಡಿಕೆಯ ಫಲ. ಅದನ್ನು ಉಜ್ಜಿದರೆ ಅವನಿಗೆ ಅಪಚಾರವಾಗದು. ಉಜ್ಜಿಸಿ ತಂದು ಮತ್ತೆ ಗೂಟಕ್ಕೆ ತೂಗಹಾಕಿದರೆ ಆಗುವದು. ದುರಸ್ತಿ ಮಾಡಿಸುವವನು ನುಡಿಸುವ ಹೊಣೆಯನ್ನೂ ಹೊರಬೇಕು. ಇದರಲ್ಲಿ ಮಿತಿಯೂ ಉಂಟು: ದನಿಗೆ ಅಡ್ಡಬಾರದ ಹಳೆಯ ಕಲೆಗಳನ್ನು ಬರಿಯ ಹೊಳಪಿಗಾಗಿ ಅಳಿಸಲಾಗದು. ಅಗತ್ಯವಿದ್ದಷ್ಟೇ ಬದಲಿಸುವದು ವಿನಯ; ಅಗತ್ಯವಿದ್ದದ್ದನ್ನೂ ಬದಲಿಸದಿರುವದು ಆಲಸ್ಯ.

ಗಡಿಯ ಕನ್ನಡ ಶಾಲೆಗಳಲ್ಲಿ ಕಲಿಸುವ, ಕಲಿಯುವ ನಮಗೆ ಈ ಮಾತು ತಂಬೂರಿಯೊಂದಕ್ಕೇ ಸಲ್ಲುವದಲ್ಲ. ಹಿರಿಯರಿಂದ ಬಂದ ನುಡಿಯನ್ನೂ ಗೂಟಕ್ಕೆ ತೂಗಿಸಿ ಕೈಮುಗಿಯಬಹುದು. ಇಲ್ಲವೆ ದಿನವೂ ಆಡಿ, ಬರೆದು, ಹೊಸ ಗೀರುಗಳನ್ನು ಮೂಡಿಸಬಹುದು. ಋಣ ತೀರುವದು ಎರಡನೆಯ ದಾರಿಯಲ್ಲಿ.