ಮಗ್ಗದ ಮುಂದಿನ ಕಾಲುನೋವು

ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗ ನಡೆಸುವವರಿಗೆ ಕೂರಲು ಪುರುಸೊತ್ತಿಲ್ಲ. ಎಳೆ ತುಂಡಾದರೆ ಗಂಟು ಹಾಕಬೇಕು, ಲಾಳಿಯೊಳಗಿನ ಕಂಡಿಕೆ ಮುಗಿದರೆ ಬದಲಿಸಬೇಕು, ಪಕ್ಕದ ಮಗ್ಗದ ಮೇಲೂ ಕಣ್ಣಿರಬೇಕು. ನೇಯ್ದ ಸೀರೆಯ ಲೆಕ್ಕದಲ್ಲಿ ಕೂಲಿ. ಮಗ್ಗ ನಿಂತರೆ ಕೂಲಿಯೂ ನಿಂತಂತೆ. ಸಂಜೆ ಹೊತ್ತಿಗೆ ಮೀನಖಂಡ ಬಿಗಿದುಕೊಂಡಿರುತ್ತದೆ. ‘ನಿಂತು ದುಡಿಯೋರಿಗೆ ಕಾಲುನೋವು ಇದ್ದದ್ದೇ’ ಎಂದು ಮುಲಾಮು ತಿಕ್ಕಿಕೊಂಡು ಮಲಗುತ್ತಾರೆ. ತಿಂಗಳುಗಳು ಹೀಗೇ ಕಳೆಯುತ್ತವೆ. ನನಗೆ ಕಳವಳ ಈ ‘ಇದ್ದದ್ದೇ’ ಎಂಬ ಮಾತಿನದು. ಏಕೆಂದರೆ ನೋವು ಮೀನಖಂಡದಲ್ಲಿ ಕಾಣಿಸಿಕೊಂಡರೂ ಅದರ ಮೂಲ ಅಲ್ಲೇ ಇರಬೇಕೆಂದಿಲ್ಲ.

ಪಾದಕ್ಕಿಳಿದ ರಕ್ತವನ್ನು ಮೇಲಕ್ಕೆ ತಳ್ಳುವ ಪಂಪು ಎಂದರೆ ಮೀನಖಂಡವೇ. ನಡೆಯುವಾಗ ಸ್ನಾಯು ಬಿಗಿದು ರಕ್ತವನ್ನು ಏರಿಸುತ್ತದೆ, ರಕ್ತನಾಳದ ಒಳಗಿನ ಕವಾಟಗಳು ಅದು ಮರಳಿ ಇಳಿಯದಂತೆ ತಡೆಯುತ್ತವೆ. ಗಂಟೆಗಟ್ಟಲೆ ಒಂದೇ ಕಡೆ ನಿಂತರೆ ಈ ಕೆಲಸ ನಡೆಯುವುದಿಲ್ಲ. ವರ್ಷಗಳು ಕಳೆದಂತೆ ಕವಾಟ ಸಡಿಲವಾಗಿ, ನಾವು ‘ನರ ಉಬ್ಬಿದೆ’ ಎನ್ನುವ ಸ್ಥಿತಿ ಬರುತ್ತದೆ. ಕಾಲು ಎತ್ತರದಲ್ಲಿಟ್ಟು ಮಲಗಿದರೆ ಹಗುರವೆನಿಸುತ್ತದೆ. ಹಾಗೇ ಬಿಟ್ಟರೆ ಪಾದದ ಗಂಟಿನ ಹತ್ತಿರ ಚರ್ಮ ಕಪ್ಪಾಗಿ, ಬೇಗ ಮಾಯದ ಹುಣ್ಣೂ ಆಗಬಹುದು.

ಬೀಡಿ ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆ ಇರುವವರು ಇನ್ನೊಂದು ಬಗೆಯ ನೋವನ್ನು ಗಮನಿಸಬೇಕು. ಬಸ್ ನಿಲ್ದಾಣದಿಂದ ಮನೆಗೆ ಹೊರಟಾಗ ಅರ್ಧ ದಾರಿಗೆ ಮೀನಖಂಡ ಹಿಡಿದುಕೊಳ್ಳುತ್ತದೆ. ಯಾವುದೋ ಅಂಗಡಿ ಮುಂದೆ ಸ್ವಲ್ಪ ಹೊತ್ತು ನಿಂತರೆ ಬಿಡುತ್ತದೆ. ನಡೆದರೆ ಮತ್ತೆ ಹಿಡಿಯುತ್ತದೆ. ಕಾಲಿಗೆ ರಕ್ತ ಒಯ್ಯುವ ನಾಳ ಕಿರಿದಾಗಿರಬಹುದು ಎಂಬುದರ ಸೂಚನೆ ಇದು. ಇದನ್ನು ಪತ್ತೆಹಚ್ಚಲು ದೊಡ್ಡ ಯಂತ್ರವೇ ಬೇಕೆಂದಿಲ್ಲ. ವೈದ್ಯರು ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕುತ್ತಾರೆ, ತೋಳಿನ ಬಿಪಿಯನ್ನೂ ಪಾದದ ಗಂಟಿನ ಬಿಪಿಯನ್ನೂ ಅಳೆದು ಹೋಲಿಸುತ್ತಾರೆ. ಪಾದದ್ದು ತೋಳಿನದರ 0.9 ಪಾಲಿಗಿಂತ ಕಡಿಮೆಯಿದ್ದರೆ ನಾಳ ಕಿರಿದಾಗಿದೆ ಎಂದೇ ಲೆಕ್ಕ. ಅಂಥವರಿಗೆ ಹೃದಯಾಘಾತದ ಭಯವೂ ಹೆಚ್ಚು. ನಡುವಯಸ್ಸು ದಾಟದ ಬೀಡಿ ಸೇದುವವರನ್ನು ಕಾಡುವ ಬರ್ಜರ್ ಕಾಯಿಲೆಯನ್ನು ಲಿಯೋ ಬರ್ಜರ್ ಎಂಬ ವೈದ್ಯ 1908ರಲ್ಲೇ ವಿವರಿಸಿದ್ದ. ತಂಬಾಕನ್ನು ಪೂರ್ತಿ ಬಿಟ್ಟವರ ಕಾಲು ಉಳಿಯುತ್ತದೆ. ಬಿಡದವರಲ್ಲಿ ಬೆರಳು, ಪಾದ ಕತ್ತರಿಸಬೇಕಾಗಿ ಬಂದದ್ದುಂಟು.

ಸೊಂಟದಲ್ಲಿ ನರ ಒತ್ತಿದರೂ ನೋವು ಮೀನಖಂಡಕ್ಕೆ ಇಳಿಯುತ್ತದೆ. ಥೈರಾಯ್ಡ್ ಕೊರತೆ, ಕೆಲವರಿಗೆ ಕೊಲೆಸ್ಟರಾಲ್ ಮಾತ್ರೆಯೂ ಕಾರಣವಾಗಬಹುದು. ಹಾಗೆಂದು ಮಾತ್ರೆಯನ್ನು ನಾವೇ ನಿಲ್ಲಿಸುವುದು ಬೇಡ.

ತಡಮಾಡಲೇಬಾರದ ಒಂದು ನೋವಿದೆ. ಒಂದೇ ಕಾಲು ಊದಿ, ಮುಟ್ಟಿದರೆ ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆಪರೇಷನ್ ಆಗಿ ಮಲಗಿದ್ದವರು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರು, ದೂರದ ವಿಮಾನ ಪ್ರಯಾಣ ಮುಗಿಸಿ ದೇವನಹಳ್ಳಿಯಲ್ಲಿ ಇಳಿದವರು, ಎಲ್ಲಕ್ಕಿಂತ ಮುಖ್ಯವಾಗಿ ಬಾಣಂತಿಯರು ಎಚ್ಚರವಾಗಿರಬೇಕು. ಬಾಣಂತಿಯ ಕಾಲು ಊದಿದರೆ ‘ನೀರು ಇಳಿದಿದೆ’ ಎಂದು ಎಣ್ಣೆ ಹಚ್ಚಿ ನೀವುವ ಮನೆಗಳಿವೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ದಯವಿಟ್ಟು ಹಾಗೆ ನೀವಬೇಡಿ. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಅದೇ ದಿನ ಆಸ್ಪತ್ರೆಗೆ ಕರೆದೊಯ್ದು ಡಾಪ್ಲರ್ ಸ್ಕ್ಯಾನ್ ಬಗ್ಗೆ ಕೇಳಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ 108ಕ್ಕೆ ಫೋನ್ ಮಾಡಿ.

ಉಳಿದ ನೋವು ಎರಡು ಮೂರು ವಾರಕ್ಕೂ ಬಿಡದಿದ್ದರೆ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಒಂದು ದಿನದ ಕೂಲಿ ಹೋಗುತ್ತದೆ, ನಿಜ. ವೈದ್ಯರ ಮುಂದೆ ಬರೀ ‘ಕಾಲು ನೋವು ಸಾರ್’ ಎನ್ನಬೇಡಿ. ನಿಂತಾಗ ಬರುತ್ತದೆಯೋ ನಡೆದಾಗಲೋ, ಎಷ್ಟು ದೂರಕ್ಕೆ, ಒಂದು ಕಾಲೋ ಎರಡೂ ಕಾಲೋ, ರಾತ್ರಿ ಎಬ್ಬಿಸುತ್ತದೆಯೋ, ದಿನಕ್ಕೆ ಎಷ್ಟು ಬೀಡಿ ಎಂಬುದನ್ನೆಲ್ಲ ಬಿಡಿಸಿ ಹೇಳಿ. ನುಂಗುತ್ತಿರುವ ಮಾತ್ರೆಗಳ ಚೀಟಿಯೂ ಕೈಯಲ್ಲಿರಲಿ.