ಮಣಿಕಟ್ಟಿನ ಸಾಕ್ಷ್ಯ

ಪಾರ್ಕಿನ್ಸನ್ ಕಾಯಿಲೆಯವರೊಬ್ಬರು ದೇವದುರ್ಗದಿಂದ ಬಸ್ಸು ಹಿಡಿದು ರಾಯಚೂರಿನ ಆಸ್ಪತ್ರೆಗೆ ಬರುತ್ತಾರೆನ್ನಿ. ಮಾತ್ರೆ ಕೆಲಸ ಮಾಡುತ್ತಿರುವ ಹೊತ್ತಿನಲ್ಲಿ ವೈದ್ಯರ ಮುಂದೆ ನಾಲ್ಕು ಹೆಜ್ಜೆ ಸರಾಗವಾಗಿ ನಡೆದಾರು. ಅದರ ಬಲ ಇಳಿದ ಮೇಲೆ, ಮನೆಯ ಹೊಸ್ತಿಲಲ್ಲಿ ಕಾಲು ಕಿತ್ತಿಡಲಾಗದೆ ನಿಲ್ಲುವುದನ್ನು ಕಂಡವರು ಮನೆಯವರು ಮಾತ್ರ. ಲಕ್ವ ಹೊಡೆದವರು ಕೇಳಿದಾಗ ಕೈ ಎತ್ತಿ ತೋರಿಸುತ್ತಾರೆ. ಅದೇ ಕೈ ರೊಟ್ಟಿ ಬಡಿಯುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ಮಣಿಕಟ್ಟಿಗೋ ಕಾಲಿಗೋ ಕಟ್ಟಿಕೊಂಡು ಚಲನೆಯನ್ನು ದಿನವಿಡೀ ದಾಖಲಿಸುವ ಸಂವೇದಕ, ಮನೆಯ ಬದುಕು ವೈದ್ಯರಿಗೆ ಕಾಣದ ಈ ಕೊರತೆಯನ್ನು ಒಂದಿಷ್ಟು ತುಂಬಬಲ್ಲದು. ಡುಶೆನ್ ಸ್ನಾಯುಕ್ಷಯದ ಔಷಧ ಪ್ರಯೋಗಗಳಲ್ಲಿ ಪಾದದ ಗಂಟಿಗೆ ಕಟ್ಟಿದ ಸಾಧನದಿಂದ ಅಳೆದ ನಡಿಗೆಯ ವೇಗವನ್ನು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಪೂರಕ ಅಳತೆಯಾಗಿಯೂ 2023ರಲ್ಲಿ ಮುಖ್ಯ ಅಳತೆಯಾಗಿಯೂ ಒಪ್ಪಿತು.

ಆದರೆ ಸಾಧನಕ್ಕೆ ತಿಳಿಯುವುದು ಅಲುಗಾಟ, ಅದರ ಕಾರಣವಲ್ಲ. ಕೈನಡುಕವನ್ನೂ ಬಸ್ಸಿನ ಕುಲುಕಾಟವನ್ನೂ ಅದು ಚಟುವಟಿಕೆಯೆಂದು ಬರೆದುಕೊಂಡೀತು. ಕೋಲೂರಿ ನಿಧಾನಕ್ಕೆ ಕಾಲೆಳೆಯುವವರ ಹೆಜ್ಜೆಗಳನ್ನು ಬಿಟ್ಟೀತು. ಮಾನ್ವಿಯ ಗದ್ದೆಯಲ್ಲಿ ಬಾಗಿ ಭತ್ತ ನಾಟಿ ಮಾಡುವ ಹೆಣ್ಣುಮಗಳ ದುಡಿಮೆಯನ್ನು ಹೆಜ್ಜೆಯ ಲೆಕ್ಕ ಹಿಡಿಯಲಾರದು. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಆರೋಗ್ಯವಂತರೂ ಮಧ್ಯಾಹ್ನ ಹೊರಗೆ ಕಾಲಿಡುವುದಿಲ್ಲ. ಆ ದಿನ ಕಡಿಮೆಯಾದ ನಡಿಗೆಯನ್ನು ರೋಗ ಉಲ್ಬಣಿಸಿತೆಂದು ಓದಿದರೆ ಔಷಧದ ಪ್ರಮಾಣವೇ ತಪ್ಪಬಹುದು. ಬೇರೆ ಊರಿನ, ಬೇರೆ ಬದುಕಿನ ಮೈಗಳ ಮೇಲೆ ಹೊಂದಿಸಿದ ಅಳತೆಯನ್ನು ಇಲ್ಲಿ ಮರುಪರೀಕ್ಷಿಸದೆ ನಂಬುವುದು ವಿಜ್ಞಾನವಲ್ಲ.

ಫಿಸಿಯೋಥೆರಪಿಯೇ ಕೈಗೆಟುಕದವರಿಗೆ ಸಂವೇದಕವೇಕೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಚಿಕಿತ್ಸೆ ಕೊಡದೆ ಮಾಹಿತಿಯನ್ನಷ್ಟೇ ಒಯ್ಯುವುದು ಅನ್ಯಾಯ. ಆದರೂ ನರರೋಗ ತಜ್ಞರಿರುವ ಬೆಂಗಳೂರಿನ ನಿಮ್ಹಾನ್ಸ್ ರಾಯಚೂರಿನಿಂದ ಸುಮಾರು 400 ಕಿಲೋಮೀಟರ್. ಒಂದು ವಾರದ ನಂಬಲರ್ಹ ದಾಖಲೆ ಅಂಥ ಒಂದು ಪ್ರಯಾಣವನ್ನು ತಪ್ಪಿಸಿದರೂ ರೋಗಿಯ ಜೊತೆಗೆ ಹೋಗುವವರ ಕೂಲಿ ಉಳಿಯುತ್ತದೆ. ನಿಮ್ಹಾನ್ಸ್ ಜೊತೆಗೂಡಿ ಸರ್ಕಾರ 2022ರಲ್ಲಿ ಆರಂಭಿಸಿದ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮ ಸಂವೇದಕದ ಅಳತೆಯನ್ನು ಇಲ್ಲಿ ಮರುಪರೀಕ್ಷಿಸಲು ತಕ್ಕ ವೇದಿಕೆಯಾಗಬಲ್ಲದು.

ನನ್ನನ್ನು ಹೆಚ್ಚು ಕಾಡುವುದು ಅಂಗವಿಕಲತೆಯ ಪ್ರಮಾಣಪತ್ರದ ವಿಚಾರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಾರ್ಕಿನ್ಸನ್ ಕಾಯಿಲೆಯನ್ನೂ ಪಟ್ಟಿಗೆ ಸೇರಿಸಿದೆ. ಹಲವು ಸೌಲಭ್ಯಗಳಿಗೆ ಕನಿಷ್ಠ ಶೇ. 40ರಷ್ಟು ಅಂಗವಿಕಲತೆ ಇರಬೇಕೆಂಬ ಮಿತಿಯಿದೆ. ಹೊಟ್ಟೆಪಾಡಿಗಾಗಿ ನೋವು ನುಂಗಿ ಹತ್ತಿ ಬಿಡಿಸಲು ಹೋಗುವವರ ಕೈಪಟ್ಟಿ ಹೆಚ್ಚು ಚಟುವಟಿಕೆ ತೋರಿಸುತ್ತದೆ. ಇಷ್ಟು ಓಡಾಡುವವರಿಗೆ ಸೌಲಭ್ಯವೇಕೆ ಎಂದು ನಾಳೆ ಯಾರಾದರೂ ಕೇಳಿದರೆ, ಬಡತನ ದುಡಿಸಿದ್ದೇ ಅವರ ವಿರುದ್ಧ ಸಾಕ್ಷಿಯಾಗುತ್ತದೆ. ಆದ್ದರಿಂದ ಈ ದಾಖಲೆ ಚಿಕಿತ್ಸೆಗೆ ಮಾತ್ರ ಬಳಕೆಯಾಗಬೇಕು. ಧರಿಸುವವರಿಗೆ ಅವರ ಮಾತಿನಲ್ಲೇ ವಿವರಿಸಿ ಒಪ್ಪಿಗೆ ಕೇಳಬೇಕು. ಬೇಡವೆಂದವರಿಗೂ ಅದೇ ವೈದ್ಯರು, ಅದೇ ಮಾತ್ರೆ ಸಿಗಬೇಕು.