ಕಥೆ ಹೇಳುವವರು ಯಾರು?

ಧಾರಾವಾಹಿಯಲ್ಲಿ ಸೊಸೆ ಒಳ್ಳೆಯವಳು, ಅತ್ತೆ ಕೆಟ್ಟವಳು ಎಂಬುದು ಮೊದಲ ವಾರವೇ ನಮಗೆ ತಿಳಿದುಬಿಡುತ್ತದೆ. ಮನೆಯ ಕಥೆಯಾದರೆ ಹೋಗಲಿ ಎನ್ನಬಹುದು. ಒಂದು ದೇಶದ ಕಥೆಯನ್ನೂ ಹೀಗೆಯೇ ಹೇಳಿದರೆ?

ಜೆಕೊಸ್ಲೊವಾಕಿಯಾದಲ್ಲಿ 1948ರಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದರು. ಆ ಮೊದಲ ವರ್ಷಗಳಿಂದ ಹಿಡಿದು ಮುಂದಿನ ಕಾಲವನ್ನೂ ತೋರಿಸುವ ‘ಮೇಜರ್ ಝೆಮಾನ್‌ನ ಮೂವತ್ತು ಪ್ರಕರಣಗಳು’ ಎಂಬ ಧಾರಾವಾಹಿಯನ್ನು 1970ರ ದಶಕದಲ್ಲಿ ಸರಕಾರದ ಟೆಲಿವಿಷನ್ನೇ ತಯಾರಿಸಿತು. ಪೊಲೀಸ್ ಅಧಿಕಾರಿಯೇ ನಾಯಕ. ಆಡಳಿತವನ್ನು ವಿರೋಧಿಸಿದವರು ದುಷ್ಟರು. 1989ರಲ್ಲಿ ಆ ಆಡಳಿತ ಬಿತ್ತು. 1999ರಲ್ಲಿ ಧಾರಾವಾಹಿಯನ್ನು ಮತ್ತೆ ತೋರಿಸಹೊರಟಾಗ, ಅಂದು ಸೆರೆಮನೆ ಕಂಡಿದ್ದವರು ಪ್ರತಿಭಟಿಸಿದರು. ಕಂತುಗಳ ಜತೆಗೆ ನಿಜ ಸಂಗತಿಯನ್ನು ವಿವರಿಸುವ ಕಾರ್ಯಕ್ರಮಗಳೂ ಪ್ರಸಾರವಾದವು.

ನಮ್ಮ ಪಕ್ಕದ ಕಾಸರಗೋಡಿನ ಕಯ್ಯೂರನ್ನು ನೆನೆಯೋಣ. 1941ರಲ್ಲಿ ರೈತರ ಮೆರವಣಿಗೆಗೆ ಸಿಕ್ಕಿದ ಪೇದೆಯೊಬ್ಬ ಹೊಳೆಗೆ ಹಾರಿ ಸತ್ತ. 1943ರಲ್ಲಿ ನಾಲ್ವರು ಯುವಕರನ್ನು ಕಣ್ಣೂರಿನ ಜೈಲಿನಲ್ಲಿ ಗಲ್ಲಿಗೇರಿಸಿದರು. ನಿರಂಜನರ ‘ಚಿರಸ್ಮರಣೆ’ ಓದಿದವರಿಗೆ ಆ ನಾಲ್ವರು ನಮ್ಮ ಮನೆಯ ಮಕ್ಕಳೇ ಆಗಿಬಿಡುತ್ತಾರೆ. ಅದೂ ಪಕ್ಷ ವಹಿಸಿದ ಕಥೆಯೇ. ಆದರೆ ನಿರಂಜನರು ನೇಣಿಗೇರಿದವರ ಪರ ಮಾತಾಡಿದರು. ಝೆಮಾನ್‌ನ ಕಥೆ ನೇಣು ಹಾಕಿಸಿದವರದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಹಾಗಾದರೆ ನೊಂದವರ ಕಥೆಯಲ್ಲಿ ಎದುರು ಪಕ್ಷದವರಿಗೆ ಜಾಗ ಬೇಡವೆ? ಇಲ್ಲಿ ನನಗೆ ಅಮ್ಮ ನೆನಪಾಗುತ್ತಾಳೆ. ಕಾಪುವಿನ ನನ್ನ ತವರು ಗೇಣಿ ಒಕ್ಕಲಿನ ಮನೆ. ದೇವರಾಜ ಅರಸರ ಕಾಲದಲ್ಲಿ, 1974ರ ಭೂಸುಧಾರಣೆ ಕಾಯಿದೆಯಿಂದ, ಉತ್ತ ಗದ್ದೆ ನಮ್ಮದಾಯಿತು. ಅದರಿಂದಲೇ ನಾನು ಬಿ.ಎ., ಬಿ.ಎಡ್. ಓದಿದೆ. ಅಳೆದುಕೊಡುವ ಮುಡಿ ಅಕ್ಕಿ ಮನೆಯಲ್ಲೇ ಉಳಿದ ಸಂತೋಷವನ್ನು ಅಮ್ಮ ಹೇಳುವಾಗಲೆಲ್ಲ, ಧಣಿಗಳ ಮನೆಯ ವಿಧವೆಯೊಬ್ಬರಿಗೆ ಆ ಗೇಣಿಯೊಂದೇ ಆಧಾರವಾಗಿತ್ತು, ಅವರು ಕೊನೆಗೆ ಕಾರ್ಕಳದ ತಮ್ಮನ ಮನೆ ಸೇರಿದರು ಎಂಬುದನ್ನೂ ಹೇಳುತ್ತಿದ್ದಳು. ಹಾಗೆಂದು ಕಾಯಿದೆ ತಪ್ಪೆಂದು ಒಮ್ಮೆಯೂ ಅಂದವಳಲ್ಲ.

ನ್ಯಾಯ ಯಾವ ಕಡೆಗಿದೆಯೆಂದು ಹೇಳಲು ಹಿಂಜರಿಯಬಾರದು. ಆದರೆ ಆ ನ್ಯಾಯಕ್ಕಾಗಿ ಬೆಲೆ ತೆತ್ತವರನ್ನು ಅಳಿಸಿಹಾಕಿದರೆ, ನಿಜವಾದ ಕಥೆಯೂ ಅರ್ಧ ಸುಳ್ಳಾಗುತ್ತದೆ. ಮುಂದಿನ ಸಲ ಟಿ.ವಿ. ಮುಂದೆ ಕೂತಾಗ, ‘ಇದರಲ್ಲಿ ಯಾರಿಗೆ ಮಾತಾಡಲು ಬಿಟ್ಟಿಲ್ಲ?’ ಎಂದು ಮಕ್ಕಳನ್ನು ಕೇಳಿ ನೋಡಿ. ಅವರು ನಮಗಿಂತ ಬೇಗ ಗುರುತಿಸುತ್ತಾರೆ; ತರಗತಿಯಲ್ಲಿ ನಾನಿದನ್ನು ಕಂಡಿದ್ದೇನೆ.